ಮಗಳ ನ್ಯೂಟನ್, ಅಪ್ಪನ ಕೆಜಿ: ಅಂಗಡಿಯ ತಕ್ಕಡಿ ತೂಗುವುದು ಏನನ್ನು?

ಪ್ರಶ್ನೆ: ದಾವಣಗೆರೆ ಕಡೆಯ ಒಂದು ಊರಿನಲ್ಲಿ ನನ್ನದು ದಿನಸಿ ಅಂಗಡಿ. ಮಗಳು ಒಂಬತ್ತನೇ ತರಗತಿ. ಮೊನ್ನೆ ಗಲ್ಲಾದ ಪಕ್ಕ ಕೂತು ಓದುತ್ತಿದ್ದವಳು, "ಅಪ್ಪ, ತೂಕನ ಕೆಜಿಲಿ ಹೇಳಬಾರದು, ನ್ಯೂಟನ್‌ನಲ್ಲಿ ಹೇಳಬೇಕು. ಕೆಜಿ ಅಂದ್ರೆ ದ್ರವ್ಯರಾಶಿ" ಅಂದಳು. ಮೂವತ್ತು ವರ್ಷದಿಂದ ಕೆಜಿ ಲೆಕ್ಕದಲ್ಲೇ ತೂಗಿ ಕೊಟ್ಟಿದ್ದೇನೆ. ಹಾಗಾದರೆ ನಾನು ಮಾರುತ್ತಿರುವುದು ಏನನ್ನು? ಚಂದ್ರನ ಮೇಲೆ ತೂಕ ಕಮ್ಮಿ ಆಗುತ್ತೆ ಅಂತಾಳೆ. ನನ್ನ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅಲ್ಲಿಟ್ಟರೆ ಏನು ತೋರಿಸುತ್ತದೆ? ಎಣ್ಣೆ ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತಲೂ 910 ಗ್ರಾಂ ಅಂತಲೂ ಎರಡೆರಡು ಯಾಕೆ? ಕೊನೆಗೆ ಇನ್ನೊಂದು: ನಮ್ಮಪ್ಪನ ಕಾಲದ ಕಬ್ಬಿಣದ ತಕ್ಕಡಿ ಅಟ್ಟದ ಮೇಲಿದೆ. ಗುಜರಿಗೆ ಹಾಕಲೇ?

ಉತ್ತರ: ಗುಜರಿಯವನಿಗೆ ಇನ್ನೂ ಫೋನ್ ಮಾಡಬೇಡಿ. ಆ ಹಳೇ ತಕ್ಕಡಿ ನಮ್ಮ ಮಾತಿಗೇ ಬೇಕಾಗುತ್ತದೆ.

ಮಗಳು ಹೇಳಿದ್ದು ಸರಿ. ನೀವು ಮೂವತ್ತು ವರ್ಷ ಮಾರಿದ್ದೂ ಸರಿ. ತೊಡಕು ಇರುವುದು 'ತೂಕ' ಅನ್ನುವ ಪದದಲ್ಲಿ. ಅಂಗಡಿಯಲ್ಲಿ ಅದಕ್ಕೆ ಒಂದು ಅರ್ಥ, ವಿಜ್ಞಾನದ ಪಾಠದಲ್ಲಿ ಇನ್ನೊಂದು.

ಗಿರಾಕಿ ಬಂದು ಒಂದು ಕೆಜಿ ಸಕ್ಕರೆ ಕೇಳುತ್ತಾರೆ. ಭೂಮಿ ಆ ಸಕ್ಕರೆಯನ್ನು ಎಷ್ಟು ಜೋರಾಗಿ ಕೆಳಗೆ ಎಳೆಯುತ್ತದೆ ಅನ್ನುವುದು ಅವರಿಗೆ ಬೇಕಿಲ್ಲ. ಪಾಯಸಕ್ಕೆ ಆಗುವಷ್ಟು ಸಕ್ಕರೆ ಬೇಕು, ಅಷ್ಟೇ. ಆ 'ಎಷ್ಟು ಸಕ್ಕರೆ' ಅನ್ನುವುದೇ ದ್ರವ್ಯರಾಶಿ. ಚೀಲವನ್ನು ಬೆಂಗಳೂರಿಗೆ ಒಯ್ದರೂ, ಹಿಮಾಲಯಕ್ಕೆ ಹತ್ತಿಸಿದರೂ, ಚಂದ್ರನ ಮೇಲೆ ಇಳಿಸಿದರೂ ಅದು ಬದಲಾಗುವುದಿಲ್ಲ. ನೀವು ಮಾರುವುದು ಇದನ್ನು. ಇದರ ಏಕಮಾನ ಕಿಲೋಗ್ರಾಂ.

ಪಾಠದಲ್ಲಿ ದ್ರವ್ಯರಾಶಿ ಅಂದರೆ ಜಡತ್ವದ ಅಳತೆ ಅಂತ ಬರೆದಿರುತ್ತಾರೆ. ಸುಮ್ನೆ ಓದಿದರೆ ಏನೂ ತಲೆಗೆ ಹೋಗುವುದಿಲ್ಲ. ನಿಮ್ಮ ಗೋದಾಮಿನಲ್ಲೇ ನೋಡಬಹುದು. ಐವತ್ತು ಕೆಜಿಯ ಅಕ್ಕಿ ಮೂಟೆಯನ್ನು ಗಟ್ಟಿ ಹಗ್ಗದಲ್ಲಿ ತೊಲೆಗೆ ನೇತುಹಾಕಿ. ಈಗ ಮೂಟೆಯ ಭಾರವನ್ನೆಲ್ಲ ಹಗ್ಗ ಹೊತ್ತಿದೆ, ನೀವು ಎತ್ತಬೇಕಾದ್ದು ಏನೂ ಇಲ್ಲ. ಆದರೂ ಅದನ್ನು ಪಕ್ಕಕ್ಕೆ ತಳ್ಳಿ ನೋಡಿ. ಖಾಲಿ ಗೋಣಿಚೀಲದ ಹಾಗೆ ಹಗುರಾಗಿ ಹೋಗುವುದಿಲ್ಲ. ನಿಧಾನಕ್ಕೆ, ಬೇಸರದಿಂದ ಎದ್ದವರ ಹಾಗೆ ಹೊರಡುತ್ತದೆ. ಒಮ್ಮೆ ತೂಗಾಡತೊಡಗಿದ ಮೇಲೆ ಎದುರು ನಿಂತು ತಡೆಯಲು ಹೋದರೆ ನಿಮ್ಮನ್ನೇ ಎರಡು ಹೆಜ್ಜೆ ಹಿಂದಕ್ಕೆ ದೂಡುತ್ತದೆ. ಹೊರಡುವುದಕ್ಕೂ ನಿಲ್ಲುವುದಕ್ಕೂ ಅದು ತೋರಿಸುವ ಆ ಹಟವೇ ಜಡತ್ವ. ಅಕ್ಕಿ ಜಾಸ್ತಿ ಇದ್ದಷ್ಟೂ ಹಟ ಜಾಸ್ತಿ. ಗಮನಿಸಿ, ಇಲ್ಲಿ ಭೂಮಿಯ ಎಳೆತದ ಮಾತೇ ಬರಲಿಲ್ಲ.

ಎಳೆತದ ಮಾತು ಬರುವುದು ಹಗ್ಗ ಬಿಚ್ಚಿ ಮೂಟೆಯನ್ನು ಹೆಗಲ ಮೇಲೆ ಹಾಕಿಕೊಂಡಾಗ. ಹಮಾಲಿಯ ಬೆನ್ನು ಬಗ್ಗಿಸುವುದು ಭೂಮಿಯ ಎಳೆತ. ವಿಜ್ಞಾನದಲ್ಲಿ ತೂಕ ಅಂದರೆ ಈ ಎಳೆತ ಮಾತ್ರ. ಅದೊಂದು ಬಲ. ಬಲವನ್ನು ಅಳೆಯುವುದು ನ್ಯೂಟನ್‌ನಲ್ಲಿ. ಒಂದು ಕೆಜಿ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಒಂದು ಮೀಟರ್‌ನಷ್ಟು ಹೆಚ್ಚಿಸುವ ಬಲವೇ ಒಂದು ನ್ಯೂಟನ್. ಬಾಯಿಪಾಠಕ್ಕಿಂತ ಅಂಗೈ ಒಳ್ಳೆಯದು: ನೂರು ಗ್ರಾಂ ಚಹಾಪುಡಿ ಪ್ಯಾಕೆಟ್ಟನ್ನು ಅಂಗೈ ಮೇಲಿಟ್ಟುಕೊಳ್ಳಿ. ಅದು ಕೈಯನ್ನು ಒತ್ತುವಷ್ಟು ಬಲ ಹೆಚ್ಚುಕಡಿಮೆ ಒಂದು ನ್ಯೂಟನ್. ಒಂದು ಕೆಜಿ ಸಕ್ಕರೆಯ ತೂಕ 9.8 ನ್ಯೂಟನ್. ನಿಮ್ಮ ಅಕ್ಕಿ ಮೂಟೆಯದು 490ರ ಆಸುಪಾಸು.

ಲೆಕ್ಕ ಇಷ್ಟೇ: ತೂಕ = ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ. ಗುರುತ್ವ ಅಂದರೆ ಇದೇ ಎಳೆತ; ಅದಕ್ಕೆ ಸಿಕ್ಕಿ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅನ್ನುವ ಅಂಕಿಯೇ ಗುರುತ್ವ ವೇಗೋತ್ಕರ್ಷ. ಭೂಮಿಯ ಮೇಲೆ ಆ ವೇಗೋತ್ಕರ್ಷ ಸುಮಾರು 9.8, ಚಂದ್ರನಲ್ಲಿ 1.62, ಮಂಗಳನಲ್ಲಿ 3.7.

ಈಗ ಅಟ್ಟದಿಂದ ಆ ಹಳೇ ತಕ್ಕಡಿ ಇಳಿಸಿ. ಒಂದು ತಟ್ಟೆಯಲ್ಲಿ ಸಕ್ಕರೆ, ಇನ್ನೊಂದರಲ್ಲಿ ಒಂದು ಕೆಜಿಯ ಕಬ್ಬಿಣದ ಬಟ್ಟು. ಭೂಮಿ ಎರಡನ್ನೂ ಎಳೆಯುತ್ತದೆ. ಎರಡೂ ಕಡೆಯ ಎಳೆತ ಸಮ ಆದಾಗ ಮುಳ್ಳು ನಡುವೆ ನಿಲ್ಲುತ್ತದೆ. ಎಳೆತ ಕಡಿಮೆಯಾದರೆ ಎರಡು ತಟ್ಟೆಗೂ ಒಂದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ, ಮುಳ್ಳು ಕದಲುವುದಿಲ್ಲ. ಅಂದರೆ ಹಳೇ ತಕ್ಕಡಿ ಹೋಲಿಸುವುದು ದ್ರವ್ಯರಾಶಿಯನ್ನು.

ಎಲೆಕ್ಟ್ರಾನಿಕ್ ತಕ್ಕಡಿಯ ಕಥೆ ಬೇರೆ. ಅದರ ತಟ್ಟೆಯ ಅಡಿಯಲ್ಲಿ ಒಂದು ಅಲ್ಯೂಮಿನಿಯಂ ತುಂಡು ಇರುತ್ತದೆ, ಲೋಡ್ ಸೆಲ್ ಅಂತಾರೆ. ಸಕ್ಕರೆ ಇಟ್ಟಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಪಟ್ಟಿ ಹಿಗ್ಗಿ, ಅದರಲ್ಲಿ ಕರೆಂಟ್ ಹರಿಯಲು ಇರುವ ಅಡ್ಡಿ ತುಸು ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ಮೂಡುವುದು. ಹಾಗಾಗಿ ಅದಕ್ಕೆ ಗೊತ್ತಾಗುವುದು ಎಳೆತ ಮಾತ್ರ, ಅಂದರೆ ನ್ಯೂಟನ್. ಆದರೆ ಪರದೆಯಲ್ಲಿ ಕೆಜಿ ತೋರಿಸುತ್ತದೆ, ಅಲ್ವಾ? ಗುಟ್ಟಾಗಿ ಒಂದು ಭಾಗಾಕಾರ ಮಾಡಿಕೊಂಡು ತೋರಿಸುತ್ತದೆ. ಬಟ್ಟು ಇಟ್ಟು ಅದನ್ನು ಸರಿಹೊಂದಿಸಿದ ದಿನ, 'ಇಷ್ಟು ಎಳೆತಕ್ಕೆ ಒಂದು ಕೆಜಿ ಅಂತ ಬರೆ' ಎಂದು ಕಲಿಸಿರುತ್ತಾರೆ. ಅದು ಆ ಜಾಗದ ಎಳೆತವನ್ನೇ ನಂಬಿಕೊಂಡು ಕೂತಿರುತ್ತದೆ.

ಹಾಗಾಗಿ ಚಂದ್ರನ ಪ್ರಶ್ನೆಗೆ ಉತ್ತರ ಸುಲಭ. ಐವತ್ತು ಕೆಜಿ ಮೂಟೆಯನ್ನು ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟರೆ ಎಂಟು ಕೆಜಿ ಚಿಲ್ಲರೆ ತೋರಿಸುತ್ತದೆ. ಗಿರಾಕಿಗೆ ಲಾಭ, ನಿಮ್ಮ ಅಂಗಡಿ ದಿವಾಳಿ. ಅಪ್ಪನ ತಕ್ಕಡಿಯಲ್ಲಿ ಬಟ್ಟು ಇಟ್ಟು ತೂಗಿದರೆ ಅಲ್ಲೂ ಐವತ್ತೇ. ಚಂದ್ರಯಾನ-3ರಲ್ಲಿ 2023ರ ಆಗಸ್ಟ್ 23ರಂದು ಇಳಿದ ಲ್ಯಾಂಡರ್‌ನ ಹೊಟ್ಟೆಯಲ್ಲಿದ್ದ ಪ್ರಜ್ಞಾನ್ ರೋವರ್ 26 ಕೆಜಿ. ಅಲ್ಲಿ ಅದರ ತೂಕ ಸುಮಾರು 42 ನ್ಯೂಟನ್. ಇಲ್ಲಿ ನಾವು ನಾಲ್ಕು ಕೆಜಿ ಮುನ್ನೂರು ಗ್ರಾಂ ಎತ್ತಿದಷ್ಟು ಹಗುರ. ಆದರೆ ಅದನ್ನು ಓಡಿಸಲು, ನಿಲ್ಲಿಸಲು ಬೇಕಾದ ಬಲದ ಲೆಕ್ಕಕ್ಕೆ ಅದು ಅಲ್ಲಿಯೂ 26 ಕೆಜಿಯೇ.

ಬಾಹ್ಯಾಕಾಶ ನಿಲ್ದಾಣದಲ್ಲಿ ಇನ್ನೂ ಮಜಾ. ಅಲ್ಲಿ ಗುರುತ್ವ ಇಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ, ಅದು ತಪ್ಪು. ನಾನೂರು ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಇಲ್ಲಿಯದರ ಶೇಕಡ 90ರ ಹತ್ತಿರ ಇದೆ. ಆದರೆ ನಿಲ್ದಾಣ, ಒಳಗಿನ ಜನ, ತಕ್ಕಡಿ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇವೆ. ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಅಲ್ಲಿ ನಿಮ್ಮ ಎರಡು ತಕ್ಕಡಿಯೂ ಕೆಲಸಕ್ಕೆ ಬಾರವು. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಧಾರವಾಡದ ವಿಜ್ಞಾನಿಗಳ ಪ್ರಯೋಗಕ್ಕೆಂದು ಮೆಂತ್ಯ, ಹೆಸರುಕಾಳನ್ನು ಮೊಳಕೆ ಬರಿಸಿದ್ದರು. ನಿಮ್ಮ ಅಂಗಡಿಯ ಮಾಲೇ. ಅಲ್ಲಿ ಅದನ್ನು ತೂಗಿ ಕೊಡಿ ಅಂದರೆ ತೂಗಲು ಆಗುವುದಿಲ್ಲ. ಹಾಗಾದರೆ ಗಗನಯಾತ್ರಿಗಳ ಮೈ ತೂಕ ನೋಡುವುದು ಹೇಗೆ? 1973ರಲ್ಲಿ ಅಮೆರಿಕ ಹಾರಿಸಿದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣದ ಕಾಲದಿಂದಲೇ ಒಂದು ಉಪಾಯ ಇದೆ. ಸ್ಪ್ರಿಂಗ್ ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ಹಿಂದೆ ಮುಂದೆ ಓಲಾಡಿಸುತ್ತಾರೆ. ದ್ರವ್ಯರಾಶಿ ಜಾಸ್ತಿ ಇದ್ದರೆ ಓಲಾಟ ನಿಧಾನ. ಒಂದು ಓಲಾಟಕ್ಕೆ ಹಿಡಿದ ಹೊತ್ತಿನಿಂದ ಲೆಕ್ಕ ಹಾಕುತ್ತಾರೆ. ನಿಮ್ಮ ಗೋದಾಮಿನ ಮೂಟೆಯ ಹಟವನ್ನೇ ಅಲ್ಲಿ ಅಳತೆಗೆ ಬಳಸುತ್ತಾರೆ.

ಚಂದ್ರನವರೆಗೆ ಹೋಗುವುದೂ ಬೇಡ. ಭೂಮಿಯ ಮೇಲೇ ಎಳೆತ ಎಲ್ಲ ಕಡೆ ಒಂದೇ ಸಮ ಇಲ್ಲ. ಇದು ಮೊದಲು ಬಯಲಾದದ್ದು ಗಡಿಯಾರದಿಂದ. 1672ರಲ್ಲಿ ಜ್ಯಾಂ ರಿಷೇ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್‌ನಿಂದ ಒಂದು ಲೋಲಕದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಾಯೆನ್ ಊರಿಗೆ ಒಯ್ದ. ಸಮಭಾಜಕ ವೃತ್ತದ ಹತ್ತಿರದ ಊರದು. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬೀಳತೊಡಗಿತು. ಎಳೆತ ಕಡಿಮೆ, ಅದಕ್ಕೇ ಲೋಲಕ ನಿಧಾನ. ಭೂಮಿ ಸಮಭಾಜಕದ ಹತ್ತಿರ ಉಬ್ಬಿದೆ, ಜೊತೆಗೆ ತಿರುಗುತ್ತಲೂ ಇದೆ. ಅದರಿಂದ ಅಲ್ಲಿ ಗುರುತ್ವ 9.78, ಧ್ರುವದ ಹತ್ತಿರ 9.83. ಒಂದು ಕೆಜಿಗೆ ಐದು ಗ್ರಾಂ ವ್ಯತ್ಯಾಸ ಬಂದ ಹಾಗೆ.

ನಮ್ಮಲ್ಲೂ ಲೋಲಕ ಹೊತ್ತು ತಿರುಗಿದವರು ಇದ್ದರು. ಸರ್ವೆ ಇಲಾಖೆಯ ಕ್ಯಾಪ್ಟನ್ ಬಸೇವಿ ಎಂಬಾತ 1865ರಿಂದ ದೇಶದ ದಕ್ಷಿಣ ತುದಿಯಿಂದ ಹಿಮಾಲಯದವರೆಗೆ ಊರೂರಲ್ಲಿ ಲೋಲಕ ತೂಗಾಡಿಸಿ ಗುರುತ್ವ ಅಳೆದ. ಬೆಂಗಳೂರೂ ಆ ಪಟ್ಟಿಯಲ್ಲಿತ್ತು. ಆತ ತೀರಿಕೊಂಡದ್ದು 1871ರಲ್ಲಿ, ಲಡಾಖ್‌ನ ಎತ್ತರದ ಚಳಿಯಲ್ಲಿ, ಇದೇ ಕೆಲಸ ಮಾಡುತ್ತಿದ್ದಾಗ. ಪಾಠದಲ್ಲಿ ನಾವು '9.8 ಎಂದು ತೆಗೆದುಕೊಳ್ಳಿ' ಅಂತ ಒಂದೇ ಸಾಲಿನಲ್ಲಿ ಮುಗಿಸುವ ಅಂಕಿ ಇದು.

ಬೆಂಗಳೂರಿನಲ್ಲಿ ಗುರುತ್ವ ಸುಮಾರು 9.780, ದೆಹಲಿಯಲ್ಲಿ 9.791. ದೆಹಲಿಯಲ್ಲಿ ಸರಿಹೊಂದಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೇ ತಂದು ಬೆಂಗಳೂರಿನಲ್ಲಿ ಇಟ್ಟರೆ ಒಂದು ಕೆಜಿಗೆ ಒಂದು ಗ್ರಾಂ ಕಮ್ಮಿ ತೋರಿಸುತ್ತದೆ. ಬೇಳೆಗೆ ಅದು ಏನೂ ಅಲ್ಲ. ನಿಮ್ಮ ತಕ್ಕಡಿಯ ಅಂಕಿ ಐದೋ ಹತ್ತೋ ಗ್ರಾಂಗೊಮ್ಮೆ ಬದಲಾಗುವಂಥದ್ದಾದರೆ ಗೊತ್ತೂ ಆಗದು. ಆದರೆ ಚಿನ್ನದಂಗಡಿಯಲ್ಲಿ? ನೂರು ಗ್ರಾಂಗೆ 0.11 ಗ್ರಾಂ ವ್ಯತ್ಯಾಸ. ಹಳೇ ಅಕ್ಕಸಾಲಿಗರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಲಗಂಜಿ. ಒಂದು ಗುಲಗಂಜಿ ಬಂಗಾರ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ನನಗೇ ಒಮ್ಮೆ ಹೀಗಾಯಿತು. ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಉತ್ತರದ ಕಡೆಯಿಂದ ಒಂದು ಸೂಕ್ಷ್ಮ ತಕ್ಕಡಿ ಬಂತು. ಆತುರದಲ್ಲಿ ಪೆಟ್ಟಿಗೆ ಬಿಚ್ಚಿ ಇನ್ನೂರು ಗ್ರಾಂನ ಬಟ್ಟು ಇಟ್ಟೆವು. 199.78 ಅಂತ ತೋರಿಸಿತು. ಬಟ್ಟು ಸವೆದಿದೆ ಅಂತ ಒಬ್ಬರು, ಕೈ ತಾಗಿ ಜಿಡ್ಡಾಗಿದೆ ಅಂತ ಇನ್ನೊಬ್ಬರು. ಜಿಡ್ಡಾದರೆ ತೂಕ ಹೆಚ್ಚಬೇಕಲ್ಲವೇ ಅಂತ ಯಾರಿಗೂ ಹೊಳೆಯಲಿಲ್ಲ. ಅರ್ಧ ದಿನ ಬಟ್ಟು ಒರೆಸಿದ್ದಾಯಿತು. ಸಂಜೆ ಹೊತ್ತಿಗೆ, ಇಟ್ಟ ಜಾಗದಲ್ಲೇ ಮೊದಲು ಸರಿಹೊಂದಿಸಬೇಕು ಅನ್ನುವ ಪುಸ್ತಿಕೆಯ ಎರಡನೇ ಪುಟವನ್ನು ಒಬ್ಬ ಹುಡುಗ ಓದಿ ಹೇಳಿದ. ಬಟ್ಟೂ ಸರಿ ಇತ್ತು, ತಕ್ಕಡಿಯೂ ಸರಿ ಇತ್ತು. ಊರು ಬೇರೆಯಾಗಿತ್ತು, ಅಷ್ಟೇ.

ನಿಮ್ಮ ಮನೆಯ ಜಗಳ ಹೊಸದೇನಲ್ಲ. ಕೆಜಿ ಯಾವುದರ ಏಕಮಾನ ಅನ್ನುವ ಗೊಂದಲ 1901ರಲ್ಲೇ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಭೆಗೆ ಬಂದಿತ್ತು. ಕಿಲೋಗ್ರಾಂ ದ್ರವ್ಯರಾಶಿಯ ಏಕಮಾನ, ತೂಕ ಅಂದರೆ ಒಂದು ಬಗೆಯ ಬಲ ಅಂತ ಆ ಸಭೆ ತೀರ್ಮಾನ ಕೊಟ್ಟಿತು. ಲೆಕ್ಕಕ್ಕೆ ಅಂತ ಗುರುತ್ವದ ಒಂದು ಅಂಕಿಯನ್ನೂ ಗೊತ್ತುಮಾಡಿತು: 9.80665. ನಮ್ಮ ದೇಶದ ಕಾಯ್ದೆಯೂ ಅದನ್ನೇ ಹೇಳುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ಕಿಲೋಗ್ರಾಂ ಇರುವುದು ದ್ರವ್ಯರಾಶಿಯ ಏಕಮಾನವಾಗಿ. ಅಂದರೆ ಪೊಟ್ಟಣದ ಮೇಲೆ 'ನಿವ್ವಳ ತೂಕ 1 ಕೆಜಿ' ಅಂತ ಇದ್ದರೆ, ಮಗಳ ಭಾಷೆಯಲ್ಲಿ ಅದು ನಿವ್ವಳ ದ್ರವ್ಯರಾಶಿ. ಹಾಗಂತ ಗಿರಾಕಿಗೆ 'ದ್ರವ್ಯರಾಶಿ ಎಷ್ಟು ಕೊಡಲಿ' ಅಂತ ಕೇಳಲು ಹೋಗಬೇಡಿ. ನಾನೂ ಮಾರುಕಟ್ಟೆಗೆ ಹೋದರೆ ತೂಕ ಅಂತಲೇ ಹೇಳುತ್ತೇನೆ.

ಇನ್ನೊಂದು ಗೊಂದಲದ ಮೂಲ ಮೆಕ್ಯಾನಿಕ್ ಅಂಗಡಿ. ಪಂಪ್ ರಿಪೇರಿಯವರು 'ಎರಡು ಕೆಜಿ ಪ್ರೆಶರ್' ಅಂತಾರಲ್ಲ, ಅಲ್ಲಿ ಕೆಜಿ ಅಂದರೆ ನಿಜವಾಗಿ ಬಲ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎರಡು ಕೆಜಿ ವಸ್ತು ಕೂತಷ್ಟು ಒತ್ತಡ ಅಂತ ಅರ್ಥ. ಇದಕ್ಕೆ ಕೆಜಿ-ಫೋರ್ಸ್ ಅಂತ ಹೆಸರು. ಒಂದು ಕೆಜಿ-ಫೋರ್ಸ್ ಅಂದರೆ 9.80665 ನ್ಯೂಟನ್. ಹಳೆಯ ಏಕಮಾನ, ಎಸ್‌ಐ ಅನ್ನುವ ಈಗಿನ ಅಂತರರಾಷ್ಟ್ರೀಯ ಅಳತೆ ಪದ್ಧತಿಗೆ ಸೇರಿಲ್ಲ. ಆದರೂ ಗೇಜುಗಳ ಮೇಲಿಂದ ಇನ್ನೂ ಹೋಗಿಲ್ಲ.

ಹಾಗಾದರೆ ಒಂದು ಕೆಜಿ ಅಂದರೆ ಎಷ್ಟು ಅಂತ ಹೇಳುವವರು ಯಾರು? ನಿಮ್ಮ ಬಟ್ಟನ್ನು ಇನ್‌ಸ್ಪೆಕ್ಟರ್ ತಮ್ಮ ಬಟ್ಟಿನ ಜೊತೆ ಹೋಲಿಸುತ್ತಾರೆ. ಅವರದನ್ನು ಮೇಲಿನವರು ಹೋಲಿಸುತ್ತಾರೆ. ಹೀಗೇ ಹತ್ತುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿಗುತ್ತದೆ. ಅಲ್ಲಿ 57ನೇ ನಂಬರಿನ ಒಂದು ಪ್ಲಾಟಿನಂ-ಇರಿಡಿಯಂ ಉರುಳೆ ಇದೆ. ಅದರ ಅಸಲು ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ, ಗಾಜಿನ ಮುಚ್ಚಳಗಳ ಒಳಗೆ. ಎತ್ತರ, ಅಗಲ ಎರಡೂ 39 ಮಿಲಿಮೀಟರ್, ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. 1889ರಿಂದ ಜಗತ್ತಿನ ಒಂದು ಕೆಜಿ ಅಂದರೆ ಅದೇ. ಆದರೆ ನೂರು ವರ್ಷದಲ್ಲಿ ಅಸಲಿಗೂ ಅದರ ನಕಲುಗಳಿಗೂ ಸುಮಾರು 50 ಮೈಕ್ರೊಗ್ರಾಂ ವ್ಯತ್ಯಾಸ ಬಂತು. ಅಸಲು ಸವೆಯಿತೋ ನಕಲುಗಳು ಬೆಳೆದವೋ ಹೇಳುವ ದಾರಿಯೇ ಇರಲಿಲ್ಲ. ಅದಕ್ಕೇ 2019ರ ಮೇ 20ರಿಂದ ಉರುಳೆಯನ್ನು ಕೈಬಿಟ್ಟು, ಪ್ಲಾಂಕ್ ಸ್ಥಿರಾಂಕ ಅನ್ನುವ ಪ್ರಕೃತಿಯ ಒಂದು ಅಂಕಿಗೆ ಕೆಜಿಯನ್ನು ಕಟ್ಟಿದರು.

ಇದನ್ನು ಲೋಹದ ಬಟ್ಟಿಗೆ ಇಳಿಸುವ ದಾರಿಗಳಲ್ಲಿ ಒಂದು ಕಿಬಲ್ ತಕ್ಕಡಿ. ಒಂದು ಕಡೆ ಬಟ್ಟು, ಅದರ ಎಳೆತಕ್ಕೆ ಸಮ ಮಾಡಲು ವಿದ್ಯುತ್ ಸುರುಳಿ. ಅಂದರೆ ಅದೂ ಮೊದಲು ಅಳೆಯುವುದು ಎಳೆತವನ್ನೇ! ಆಮೇಲೆ ಅದೇ ಕೋಣೆಯ ಗುರುತ್ವವನ್ನು ಬೇರೆ ಉಪಕರಣದಿಂದ ತುಂಬ ಸೂಕ್ಷ್ಮವಾಗಿ ಅಳೆದು ಭಾಗಿಸುತ್ತಾರೆ. ನಿಮ್ಮ ಗಲ್ಲಾದ ಮೇಲಿನ ತಕ್ಕಡಿ ಗುಟ್ಟಾಗಿ ಮಾಡುವ ಭಾಗಾಕಾರವನ್ನು ಅದು ಎಲ್ಲರೆದುರು ಮಾಡುತ್ತದೆ.

ಇನ್ನು ಎಣ್ಣೆ. ಲೀಟರ್ ಅನ್ನುವುದು ತೂಕವೂ ಅಲ್ಲ, ದ್ರವ್ಯರಾಶಿಯೂ ಅಲ್ಲ. ಎಷ್ಟು ಜಾಗ ಹಿಡಿಯುತ್ತದೆ ಅನ್ನುವ ಲೆಕ್ಕ. ಅಜ್ಜಿ ಪಾವು, ಸೇರಿನಲ್ಲಿ ರಾಗಿ ಅಳೆಯುತ್ತಿದ್ದದ್ದೂ ಇದೇ. ಸೇರನ್ನು ಕುಟ್ಟಿ ತುಂಬಿದರೆ ಜಾಸ್ತಿ ಹಿಡಿಯುತ್ತದೆ, ಸಡಿಲ ತುಂಬಿದರೆ ಕಮ್ಮಿ. ಆ ಜಗಳಗಳನ್ನು ನೀವೂ ನೋಡಿರುತ್ತೀರಿ. ಎಣ್ಣೆಯನ್ನು ಕುಟ್ಟಲು ಬಾರದು, ಆದರೆ ಬಿಸಿ ಮಾಡಬಹುದು. ಬಿಸಿಯಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ, 60 ಡಿಗ್ರಿಯಲ್ಲಿ 893 ಗ್ರಾಂ. ಕೆಲವು ಕಂಪನಿಗಳು ಪ್ಯಾಕೆಟ್ ಮೇಲೆ '60 ಡಿಗ್ರಿಯಲ್ಲಿ ಒಂದು ಲೀಟರ್' ಅಂತ ಸಣ್ಣದಾಗಿ ಬರೆದು ಗ್ರಾಂ ಉಳಿಸುತ್ತಿದ್ದವು. ನಮ್ಮ ಅಡುಗೆಮನೆ ಎಷ್ಟೇ ಸೆಕೆಯಾದರೂ 60 ಡಿಗ್ರಿ ಇರುವುದಿಲ್ಲವಲ್ಲ! 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಉಷ್ಣತೆಯ ಮಾತು ಬರೆಯದೆ ಪ್ರಮಾಣ ನಮೂದಿಸಿ, ಅದರ ತೂಕವೂ ಹೊಂದಬೇಕು ಅಂತ ಕಂಪನಿಗಳಿಗೆ ಹೇಳಿತು. ಎಣ್ಣೆ ಕೊಳ್ಳುವಾಗ ನಾನು ಲೀಟರ್ ನೋಡುವುದಿಲ್ಲ, ಗ್ರಾಂ ನೋಡುತ್ತೇನೆ.

ಹತ್ತಿ ಮಿಲ್ಲುಗಳ ಊರ ಕಡೆಯವರು ನೀವು, ಆದ್ದರಿಂದ ಒಂದು ಹಳೇ ಒಗಟು. ಒಂದು ಮಣ ಹತ್ತಿ ಭಾರವೋ, ಒಂದು ಮಣ ಕಬ್ಬಿಣ ಭಾರವೋ? ಎರಡೂ ಒಂದೇ ಅಂತ ಹೇಳಿ ನಗುತ್ತೇವೆ. ಪೂರ್ತಿ ನಿಜ ಅದಲ್ಲ. ನೀರಿನ ಹಾಗೆ ಗಾಳಿಯೂ ವಸ್ತುಗಳನ್ನು ತುಸು ಮೇಲಕ್ಕೆತ್ತುತ್ತದೆ. ಹತ್ತಿಯ ಎಳೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುವುದರಿಂದ ಅದನ್ನು ಜಾಸ್ತಿ ಎತ್ತುತ್ತದೆ. ತಕ್ಕಡಿಯಲ್ಲಿ ಎರಡೂ ಒಂದು ಕೆಜಿ ಅಂತ ತೋರಿಸಿದರೆ, ನಿಜವಾಗಿ ಹತ್ತಿಯೇ ಅರ್ಧ ಗ್ರಾಮಿಗಿಂತ ತುಸು ಜಾಸ್ತಿ ಇರುತ್ತದೆ. ಅಪ್ಪನ ತಕ್ಕಡಿಗೂ ಇದರಿಂದ ತಪ್ಪಿಸಿಕೊಳ್ಳಲು ಆಗದು.

ಮಗಳಿಗೆ: ಪರೀಕ್ಷೆಯಲ್ಲಿ 'ತೂಕ ಎಷ್ಟು' ಅಂತ ಕೇಳಿದರೆ ಕೆಜಿಯನ್ನು 9.8ರಿಂದ ಗುಣಿಸಿ ನ್ಯೂಟನ್ ಅಂತ ಬರೆಯಲಿ. ಕೆಜಿ ಅಂತ ಬರೆದರೆ ಅಂಕ ಹೋಗುತ್ತದೆ, ಅಪ್ಪನ ಅಂಗಡಿಯ ಉದಾಹರಣೆ ಕೊಟ್ಟರೂ ಬರುವುದಿಲ್ಲ.

ಅಟ್ಟದ ತಕ್ಕಡಿಯನ್ನು ಗುಜರಿಗೆ ಹಾಕಬೇಡಿ. ವ್ಯಾಪಾರಕ್ಕೆ ಬಳಸುವುದಾದರೆ ತಕ್ಕಡಿಗೂ ಬಟ್ಟುಗಳಿಗೂ ಇಲಾಖೆಯ ಮುದ್ರೆ ಹಾಕಿಸಬೇಕು, ಎರಡು ವರ್ಷಕ್ಕೊಮ್ಮೆ. ಎಲೆಕ್ಟ್ರಾನಿಕ್‌ಗೆ ಪ್ರತಿ ವರ್ಷ. ಬಳಸದಿದ್ದರೆ ತುಕ್ಕು ಉಜ್ಜಿ ಮಗಳ ಶಾಲೆಗೆ ಕೊಡಿ. ಒಂದು ದಿನ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಜೊತೆಗೆ ಕಳಿಸಿ. ಮಕ್ಕಳು ಅದರ ತಟ್ಟೆಯನ್ನು ಬೆರಳಿನಿಂದ ಒತ್ತಲಿ. ಬೆರಳಿಗೆ ಎರಡು ಕೆಜಿ ಅಂತ ತೋರಿಸುತ್ತದೆ. ಅಲ್ಲಿ ಎರಡು ಕೆಜಿ ಏನಿದೆ ಅಂತ ಹುಡುಕಲಿ.